ಎಡಗಡೆಯ ಸಲಾಮು

ನೀರಮ್ಮನಿಗೆ ಕತ್ತು ಹಿಡಿದುಕೊಂಡಿದೆ ಎಂದು ಇಡೀ ಬೀದಿ ನಂಬಿತ್ತು. ಹಿಡಿದದ್ದೂ ಎಡಕ್ಕೆ ಮಾತ್ರ. ಶುಕ್ರವಾರ ಮಸೀದಿಯ ಹೆಂಗಸರ ಕೋಣೆಯಲ್ಲಿ ನಮಾಜು ಮುಗಿಯುವಾಗ ಎಲ್ಲರೂ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಮು ಹೇಳಿದರೆ, ಇವಳೊಬ್ಬಳು ಬಲಕ್ಕೆ ತಿರುಗಿ ಹೇಳಿ ಸುಮ್ಮನೆ ಮುಂದಿನ ಗೋಡೆ ನೋಡುತ್ತ ಕೂರುತ್ತಿದ್ದಳು. ಇಂಥದ್ದು ಕಣ್ಣಿಗೆ ಬಿದ್ದಮೇಲೆ ಬೀದಿ ಸುಮ್ಮನಿರುತ್ತದೆಯೇ? ಔಷಧಿ ಅಂಗಡಿಯವನು ಮುಲಾಮು ಕೊಟ್ಟ. ಎದುರುಮನೆಯ ಟೀಚರು ದಿಂಬಿಲ್ಲದೆ ಮಲಗಿ ಎಂದರು. ಬಸ್ ಡ್ರೈವರನ ಹೆಂಡತಿ ಎರಡು ದಿಂಬು ಇಟ್ಟುಕೊಳ್ಳಿ ಎಂದಳು. ನೀರಮ್ಮ ಎಲ್ಲರಿಗೂ ಹೂಂ ಎಂದಳು.

ಕತ್ತಿಗೆ ಏನೂ ಆಗಿರಲಿಲ್ಲ. ತರಕಾರಿ ಗಾಡಿ ಎಡಗಡೆಯಿಂದ ಬಂದರೆ ಅವಳ ಕತ್ತು ಸಲೀಸಾಗಿ ಎಡಕ್ಕೆ ಹೊರಳುತ್ತಿತ್ತು. ಹೊರಳದಿರುತ್ತಿದ್ದುದು ದಿನಕ್ಕೆ ಐದು ಸಲ, ಐದು ಹೊತ್ತಿನ ನಮಾಜಿನ ಕೊನೆಯ ಆ ಒಂದು ಗಳಿಗೆಯಲ್ಲಿ. ಮನುಷ್ಯನ ಬಲ ಹೆಗಲ ಮೇಲೊಬ್ಬ ದೇವದೂತ ಕೂತು ಒಳ್ಳೆಯದನ್ನು ಬರೆಯುತ್ತಾನೆ, ಎಡ ಹೆಗಲ ಮೇಲೊಬ್ಬ ಕೂತು ಕೆಟ್ಟದ್ದನ್ನು ಬರೆಯುತ್ತಾನೆ ಎಂದು ಅವಳು ಚಿಕ್ಕವಳಿದ್ದಾಗಿನಿಂದ ನಂಬಿದ್ದಳು. ಅವರಿಬ್ಬರಿಗೂ, ಅಕ್ಕಪಕ್ಕ ಕೂತವರಿಗೂ ಶಾಂತಿ ಕೋರುವುದೇ ಆ ಎರಡು ಸಲಾಮು. ಎಡಗಡೆಯ ದೇವದೂತನ ಭಯ ಮಾತ್ರವಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಎಂಟು ತಿಂಗಳಿಂದ ಅಲ್ಲಿ ಬೇರೆ ಯಾರೋ ಬಂದು ಕೂರುತ್ತಿದ್ದರು.

ಕಿರುಚುವುದಿಲ್ಲ, ಮುಟ್ಟುವುದಿಲ್ಲ. ಸಾಲಿನಲ್ಲಿ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಹಾಗೆ ಸುಮ್ಮನೆ ಬಂದು ಕೂರುವುದು. ಮೊದಲು ಕರ್ಪೂರದ ವಾಸನೆ ಬರುತ್ತಿತ್ತು, ಆಮೇಲೆ ಒದ್ದೆ ಕೂದಲಿನ ವಾಸನೆ, ಆಮೇಲೆ ಚಾಪೆಯ ಮೇಲೆ ತೊಟ್ ತೊಟ್ ಎಂದು ನೀರು ಬೀಳುವ ಸದ್ದು. ತಿರುಗಿದರೆ ಮುಖ ಕಾಣುತ್ತದೆ. ಯಾರ ಮುಖ ಎಂದು ನೀರಮ್ಮನಿಗೆ ಗೊತ್ತಿತ್ತು, ಅದಕ್ಕೇ ತಿರುಗುತ್ತಿರಲಿಲ್ಲ. ಮೊದಲನೇ ಸಲಾಮಿಗೇ ನಮಾಜು ಮುಗಿದ ಹಾಗೆ ಎಂದು ಕೆಲವು ಪಂಡಿತರು ಹೇಳಿದ್ದಾರಂತೆ. ಆ ಪಂಡಿತರ ಹೆಸರೂ ಗೊತ್ತಿಲ್ಲದಿದ್ದರೂ ಅವಳು ಅವರನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹೆಣಕ್ಕೆ ಹೆದರುವ ಜೀವವಲ್ಲ ಅವಳದು. ಮೂವತ್ತೊಂದು ವರ್ಷದಿಂದ ಆ ಬೀದಿಗಳಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಅವಳೇ. ನೀರಮ್ಮ ಎಂಬ ಹೆಸರು ಬಂದದ್ದು ಹಾಗೆ. ತಂದೆ ತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಬದುಕಿದ್ದವರಿಗೆ ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೆಷಿನ್ನು, ಒಂದು ನಿಲುಗನ್ನಡಿ, ಗೋಡೆಯ ಮೊಳೆಗೆ ನೇತುಹಾಕಿದ ಟೇಪು. ಬದುಕಿರುವವರಿಗೆ ಹೊಲಿಗೆ ಹಾಕಿದ ಬಟ್ಟೆ, ಸತ್ತವರಿಗೆ ಹೊಲಿಗೆಯಿಲ್ಲದ ಐದು ತುಂಡು ಬಿಳಿ ಬಟ್ಟೆ, ಅಂದರೆ ಕಫನ್. ಎರಡನ್ನೂ ಅವಳು ಒಂದೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು.

ಅವಳ ಸ್ನಾನಕ್ಕೊಂದು ಕ್ರಮವಿತ್ತು. ನೀರನ್ನು ಮೊದಲು ತನ್ನ ಮೊಣಕೈ ಮೇಲೆ ಹಾಕಿಕೊಂಡು ನೋಡುವುದು, ಕೂಸಿಗೆ ನೋಡುವ ಹಾಗೆ. ಮೈಮೇಲಿನ ಹೊದಿಕೆ ತೆಗೆಯದೆ ಅದರ ಕೆಳಗೇ ಕೈ ಆಡಿಸುವುದು. ಬಲಗಡೆಯಿಂದ ಶುರು. ಮೂರು ಸಲ, ಸಾಲದಿದ್ದರೆ ಐದು ಸಲ, ಕೊನೆಯ ನೀರಿಗೆ ಕರ್ಪೂರ. ಇದೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಸತ್ತವರ ಮೈಮೇಲೆ ಏನು ಕಂಡರೂ ತೊಳೆದವರು ಹೊರಗೆ ಬಾಯಿಬಿಡಬಾರದು. ಅವರ ಮರ್ಯಾದೆ ಮುಚ್ಚಿದವರ ಪಾಪವನ್ನು ದೇವರು ಮುಚ್ಚುತ್ತಾನೆ. ಕೆಲಸ ಕಲಿಯಲು ಬಂದ ಹೆಂಗಸರಿಗೆ ನೀರಮ್ಮ ನೀರು ಹಾಕುವುದಕ್ಕಿಂತ ಮೊದಲು ಇದನ್ನೇ ಹೇಳಿಕೊಡುತ್ತಿದ್ದಳು. ಅವಳು ಏನೇನು ಕಂಡಿದ್ದಳೋ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಗೊತ್ತಾಗಿದ್ದರೆ ಅವಳು ನೀರಮ್ಮನೇ ಅಲ್ಲ. ಅವಳಿಗಿದ್ದ ಒಂದೇ ಜಂಬ ಅದು. ಅದೇ ಅವಳ ಕುತ್ತಿಗೆಗೆ ಬಂತು.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಗಡಿಯಾರ ರಿಪೇರಿಯವನ ಮನೆಯಿಂದ ಕರೆ ಬಂದಿತ್ತು. ಆತ ಮಸೀದಿಯಲ್ಲಿ ಮೊದಲ ಸಾಲಿನ ಮನುಷ್ಯ. ಧ್ವನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಕೂದಲೆಳೆಯಂಥ ಮುಳ್ಳುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಆ ಉದ್ದ ಬೆರಳುಗಳನ್ನು ನೋಡಿ, ಎಂಥಾ ತಾಳ್ಮೆ ಎಂದು ಜನ ಮೆಚ್ಚುತ್ತಿದ್ದರು. ಅವನ ಹೆಂಡತಿ, ಇಪ್ಪತ್ತಾರು ವರ್ಷದವಳು, ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಹೋಗಿಬಿಟ್ಟಿದ್ದಳು. ಡಾಕ್ಟರು ತಲೆಯ ಗಾಯ ನೋಡಿ ಕಾಗದ ಬರೆದುಕೊಟ್ಟಿದ್ದರು. ಅವಳ ಎತ್ತರದ ಕಾಲರ್ ಬಿಚ್ಚಿ ನೋಡುವ ಗೋಜಿಗೆ ಅವರು ಹೋಗಿರಲಿಲ್ಲ.

"ಹೊರಗಿನವರು ಬೇಡ. ನೀರು ನಾನೇ ಹಾಕ್ತೀನಿ," ಎಂದು ಅತ್ತೆ ಬಾಗಿಲು ಹಾಕಿಕೊಂಡರು. ಒಳಗೆ ಅವರಿಬ್ಬರೇ. ಒದ್ದೆ ಕೂದಲು ಎತ್ತಿದಾಗ ನೀರಮ್ಮನಿಗೆ ಕುತ್ತಿಗೆ ಕಂಡಿತು. ಒಂದು ಕಡೆ ನಾಲ್ಕು ಗುರುತು, ಇನ್ನೊಂದು ಕಡೆ ಒಂದು. ಕಪ್ಪುಗಟ್ಟಿದ ನೀಲಿ. ಅದರ ಕೆಳಗೆ ಹಳದಿಗೆ ತಿರುಗಿದ ಹಳೆಯವು, ಅವುಗಳ ಕೆಳಗೆ ಇನ್ನೂ ಹಳೆಯವು. ಬಚ್ಚಲಿನ ನೆಲಕ್ಕೆ ಬೆರಳುಗಳಿರುವುದಿಲ್ಲ. ನೀರಮ್ಮ ತಲೆಯೆತ್ತಿ ಅತ್ತೆಯ ಮುಖ ನೋಡಿದಳು.

"ಕಂಡದ್ದನ್ನ ಮುಚ್ಚಬೇಕು ಅಂತ ನಮಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ?" ಎಂದರು ಅತ್ತೆ. ಧ್ವನಿ ನಡುಗಲಿಲ್ಲ. ಆದರೆ ಚೆಂಬಿನ ನೀರೆಲ್ಲ ಅವರ ಕಾಲ ಮೇಲೇ ಬಿತ್ತು.

ನೀರಮ್ಮ ಮುಚ್ಚಿದಳು. ಸತ್ತವರ ಕೂದಲನ್ನು ಮೂರು ಜಡೆ ಹೆಣೆದು ಬೆನ್ನಿಗೆ ಬಿಡುತ್ತಿದ್ದವಳು ಅವತ್ತು ಮುಂದಕ್ಕೆ ತಂದು ಕತ್ತಿನ ಸುತ್ತ ಇಟ್ಟಳು, ಅದರ ಮೇಲೆ ಹತ್ತಿ, ಅದರ ಮೇಲೆ ಬಟ್ಟೆ. ಬುಕ್ ಬೈಂಡಿಂಗ್ ಮಾಡುವ ತಂದೆ, ಹೆಬ್ಬೆರಳಿಗೆ ಅಂಟಿದ ಗೋಂದನ್ನೂ ತೊಳೆಯದೆ ಓಡಿ ಬಂದವರು, ಮಗಳ ಹಣೆಗೆ ಮುತ್ತಿಟ್ಟು ಹೋದರು. ಅವರಿಗೆ ಏನೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು ಕೆಲಸವನ್ನು. ಅವತ್ತು ಸಂಜೆಯ ಮಗ್ರಿಬ್ ನಮಾಜಿನಲ್ಲಿ ಮೊದಲ ಸಲ ಅವಳ ಎಡಗಡೆ ಕರ್ಪೂರದ ವಾಸನೆ ಬಂತು.

ಎಂಟು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ಭಾನುವಾರ ಸತ್ತವಳ ತಂಗಿ ಕೈಯಲ್ಲಿ ಹಸಿರು ರೇಷ್ಮೆಯ ಗಂಟು ಹಿಡಿದು ದರ್ಜಿ ಕೋಣೆಯ ಬಾಗಿಲಲ್ಲಿ ನಿಂತಳು.

"ದೊಡ್ಡಮ್ಮ, ಶುಕ್ರವಾರಕ್ಕೆ ಬೇಕು. ನಿಕಾಹ್ ಬಟ್ಟೆ."

"ಅಯ್ಯೋ ಕಳ್ಳೀ, ಹೇಳಲೇ ಇಲ್ಲ! ಯಾರಮ್ಮಾ ಹುಡುಗ?" ನೀರಮ್ಮ ನಗುತ್ತಲೇ ಟೇಪು ತೆಗೆದು ಅವಳ ಹೆಗಲಿಗೆ ಹಿಡಿದಳು.

"ಭಾವನೇ ದೊಡ್ಡಮ್ಮ. ಅಕ್ಕನ ಮೂರು ವರ್ಷದ ಕೂಸು, ನನ್ನನ್ನೇ ಅಮ್ಮಾ ಅಂತಿದೆ. ಅಪ್ಪನಿಗೂ ಭಾವ ಅಂದ್ರೆ ಪ್ರಾಣ."

ಟೇಪು ಹೆಗಲ ಮೇಲೇ ನಿಂತಿತು. ನೀರಮ್ಮ ಕೇಳಿದಳು. "ನಿನಗೆ ಒಪ್ಪಿಗೆ ಇದೆಯಾ? ಹುಡುಗಿ ಮನಸ್ಸಿಟ್ಟು ಹೂಂ ಅನ್ನದೆ ನಿಕಾಹ್ ಆಗಲ್ಲ ಕಣೇ."

"ಒಪ್ಪಿದ್ದೀನಿ. ಅಕ್ಕನಿಗೋಸ್ಕರ." ಹುಡುಗಿ ಕನ್ನಡಿಯಲ್ಲಿ ನೋಡಿ ನಕ್ಕಳು. ಅಕ್ಕನದೇ ಅಚ್ಚು. ಅದೇ ಸಣ್ಣ ಕುತ್ತಿಗೆ. ಅಳತೆ ತೆಗೆಯುವಾಗ ಟೇಪನ್ನು ಅದರ ಸುತ್ತ ತರಲು ನೀರಮ್ಮನ ಕೈ ಬಗ್ಗಲಿಲ್ಲ. ಅಂದಾಜಿನ ಮೇಲೆ ಬರೆದುಕೊಂಡಳು.

ಮರುದಿನ ಅವಳು ಇಮಾಮರ ಹತ್ತಿರ ಹೋದಳು. ಅವರು ಮಸೀದಿಯ ಪಕ್ಕದ ಕೋಣೆಯಲ್ಲಿ ಮುರಿದ ಫ್ಯಾನು ಬಿಚ್ಚಿಕೊಂಡು ಕೂತಿದ್ದರು. ಬಾಯಲ್ಲಿ ಎರಡು ಸ್ಕ್ರೂ.

"ತೊಳೆಯೋ ಹೆಂಗಸು ಮೈಮೇಲೆ ಏನೋ ಕಂಡಳು ಅಂತಿಟ್ಕೊಳ್ಳಿ. ಅದನ್ನ ಹೇಳಬಹುದಾ?" ಎಂದಳು.

ಇಮಾಮರು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡರು. "ನೀವು ನನ್ನ ಕೇಳೋದಾ ನೀರಮ್ಮ? ನಾನೇ ಎಲ್ಲರಿಗೂ ನಿಮ್ಮನ್ನ ತೋರಿಸ್ತೀನಿ, ಬಾಯಿ ಅಂದ್ರೆ ಹೀಗಿರಬೇಕು ಅಂತ. ಹೇಳಬಾರದು. ಸತ್ತವರ ಮಾನ ದೊಡ್ಡದು."

ಅರ್ಧ ಪ್ರಶ್ನೆ ಕೇಳಿದವಳಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಗಂಟಲಿನವರೆಗೂ ಬಂದಿತ್ತು. ಆದರೆ ಅದನ್ನು ಹೇಳಿದ ಮೇಲೆ ಇವಳನ್ನು ಯಾವ ಮನೆಯವರು ಒಳಗೆ ಬಿಟ್ಟುಕೊಳ್ಳುತ್ತಾರೆ? ಸತ್ತವರ ಮೈ ನೋಡಿ ಬಂದು ಬೀದಿಯಲ್ಲಿ ಹೇಳಿದವಳು ಎಂದು ಹೆಸರಾಗುತ್ತದೆ. ಮೂವತ್ತೊಂದು ವರ್ಷದ ನಂಬಿಕೆ ಒಂದು ಮಾತಿಗೆ ನೀರುಪಾಲು. ನಾಳೆ ತಾನು ಸತ್ತರೂ ಮುಟ್ಟುವವರಿರುವುದಿಲ್ಲ. ಇದೆಲ್ಲ ಒಂದೇ ಉಸಿರಿಗೆ ಹೊಳೆದು, ಅವಳು ಸೆರಗು ಎಳೆದುಕೊಂಡು ಎದ್ದು ಬಂದಳು. ಹೇಡಿತನ ಅಂದರೆ ಇದೇ. ಅವಳಿಗೂ ಅದು ಗೊತ್ತಿತ್ತು.

ಅವತ್ತಿನಿಂದ ಎಡಗಡೆಯವಳು ಸಲಾಮಿನವರೆಗೂ ಕಾಯುವುದನ್ನು ಬಿಟ್ಟಳು. ನಮಾಜಿಗೆ ನಿಂತ ಕೂಡಲೇ ಬರುತ್ತಿದ್ದಳು. ಇವಳು ಬಾಗಿದರೆ ಬಾಗುವಳು, ಹಣೆ ನೆಲಕ್ಕೆ ಹಚ್ಚಿದರೆ ಪಕ್ಕದಲ್ಲಿ ಒದ್ದೆ ಹಣೆ ನೆಲಕ್ಕೆ ತಾಗಿದ ಸದ್ದು. ಬುಧವಾರ ವುಜೂ ಮಾಡುವಾಗ, ಅಂದರೆ ನಮಾಜಿಗೆ ಮುಂಚೆ ಕೈ ಮುಖ ಕಾಲು ತೊಳೆದು ತಲೆ ಸವರಿಕೊಳ್ಳುವಾಗ, ನಲ್ಲಿಯಿಂದ ತಣ್ಣೀರು ಬಂದರೂ ಬೊಗಸೆಯಲ್ಲಿ ಅದು ಬೆಚ್ಚಗಾಗಿ ಕರ್ಪೂರ ನಾರಿತು. ನೀರಮ್ಮ ನಲ್ಲಿ ನಿಲ್ಲಿಸಿದಳು. "ಏನು ಬೇಕು ಮಗಳೇ ನಿನಗೆ? ನಿನ್ನ ಮಾನ ಕಾಪಾಡಿದ್ದೀನಲ್ಲೇ," ಎಂದು ಖಾಲಿ ಬಚ್ಚಲಿಗೆ ಹೇಳಿದಳು.

ಅದೇ ಬುಧವಾರ ಮಧ್ಯಾಹ್ನ ತಂಗಿ ಬಾಗಿಲಲ್ಲೇ ನಿಂತು ಅವಸರದಲ್ಲಿ ಒಂದು ಮಾತು ಹೇಳಿ ಹೋದಳು. "ಕಾಲರ್ ಎತ್ತರಕ್ಕೆ ಇಡಬೇಕಂತೆ ದೊಡ್ಡಮ್ಮ, ಭಾವ ಹೇಳಿದ್ರು. ಅಕ್ಕನ ಹಾಗೇ. ಅಳತೆ ನಿಮ್ಮ ಹತ್ರಾನೇ ಇದೆಯಂತೆ."

ನೀರಮ್ಮ ಅಳತೆ ಪುಸ್ತಕ ತೆಗೆದಳು. ಬೀದಿಯ ಹೆಂಗಸರದ್ದೆಲ್ಲ ಒಬ್ಬೊಬ್ಬರಿಗೆ ಒಂದು ಹಾಳೆ. ಸತ್ತವಳ ಹಾಳೆಯನ್ನು ಹರಿದು ತೆಗೆದಿರಲಿಲ್ಲ. ಮದುವೆಯ ವರ್ಷ: ಕತ್ತು ಅಗಲ, ಕಾಲರ್ ಇಲ್ಲ. ಮರುವರ್ಷ: ಕಾಲರ್ ಅರ್ಧ ಇಂಚು. ಆಮೇಲೆ ಒಂದು. ಒಂದೂವರೆ. ಹೋದ ವರ್ಷ ಎರಡೂವರೆ, ಮೂರು ಗುಂಡಿ. ಎಲ್ಲವೂ ತನ್ನದೇ ಕೈಬರಹ. ಆ ಎರಡೂವರೆ ಇಂಚು ಬರೆದುಕೊಂಡ ದಿನ ಅವಳಿಗೆ ಚೆನ್ನಾಗಿ ನೆನಪಾಯಿತು. "ಇನ್ನೂ ಮೇಲಕ್ಕೆ ಹೋದ್ರೆ ಕಿವಿಗೂ ಗುಂಡಿ ಹಾಕಬೇಕಾಗತ್ತೆ ಕಣೇ," ಎಂದು ತಮಾಷೆ ಮಾಡಿದ್ದಳು. ಆ ಹುಡುಗಿ ನಕ್ಕಿದ್ದಳು. ನಕ್ಕು, ಏನೋ ಹೇಳುವುದಕ್ಕೆ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನೀರಮ್ಮ ಮೆಷಿನ್ನು ತುಳಿದಿದ್ದಳು.

ಪುಸ್ತಕ ಮಡಿಲಿಗೆ ಬಿತ್ತು. ಸತ್ತ ಮೇಲೆ ಮಾತ್ರವಲ್ಲ, ಬದುಕಿದ್ದಾಗಲೂ ಮುಚ್ಚಿದವಳು ತಾನೇ. ವರ್ಷ ವರ್ಷ ಅಳತೆ ತೆಗೆದು, ಗುಂಡಿ ಹಾಕಿ ಮುಚ್ಚಿದ್ದಳು. ಯಾರ ಮಾನ ಮುಚ್ಚಿದ್ದು ಅದು? ಆ ಗುರುತು ಆ ಹುಡುಗಿಯದಾಗಿರಲಿಲ್ಲ. ಅವಳ ಮೈಯ ಕುಂದೂ ಅಲ್ಲ, ಅವಳ ಪಾಪವೂ ಅಲ್ಲ, ಅವಳು ಬಚ್ಚಿಡಲು ಬಯಸಿದ ಗುಟ್ಟೂ ಅಲ್ಲ. ಇನ್ನೊಬ್ಬನ ಕೈ ಅವಳ ಮೈಮೇಲೆ ಉಳಿದುಹೋಗಿತ್ತು. ಸತ್ತವಳಿಗೆ ಹೊದಿಸಬೇಕಾದ ಬಟ್ಟೆಯನ್ನು ನೀರಮ್ಮ ಮೊದಲ ಸಾಲಿನಲ್ಲಿ ನಿಲ್ಲುವ ಆ ಬದುಕಿರುವವನಿಗೆ ಹೊದಿಸಿ ಬಂದಿದ್ದಳು. ಕಂಡ ಸಾಕ್ಷಿಯನ್ನು ನುಂಗುವುದು ಪಾಪ ಎಂಬುದನ್ನೂ ಅವಳು ಅದೇ ದೇವರಿಂದಲೇ ಕಲಿತಿದ್ದಳು. ಒಂದು ನಿಯಮವನ್ನು ಎದೆಗೆ ಅಪ್ಪಿಕೊಂಡು ಇನ್ನೊಂದನ್ನು ಕಾಲಲ್ಲಿ ತಳ್ಳಿದ್ದಳು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಗುರುವಾರ ಮಧ್ಯಾಹ್ನ ತಂಗಿ ಬಂದಳು. ಹಸಿರು ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು. ಕತ್ತು ಪೂರ್ತಿ ತೆರೆದಿತ್ತು.

"ಕಾಲರ್ ಎಲ್ಲಿ ದೊಡ್ಡಮ್ಮ?"

"ಹೊಲಿಯಲ್ಲ."

"ಹಾಗಂದ್ರೆ? ನಾಳೆ ನಿಕಾಹ್!"

ನೀರಮ್ಮ ಬೀದಿ ಬಾಗಿಲು ಮುಂದೆ ಮಾಡಿ ಬಂದು ಅವಳ ಹಿಂದೆ ನಿಂತಳು. "ಕೂತ್ಕೋ. ಬೈಬೇಕು ಅನ್ಸಿದ್ರೆ ಪೂರ್ತಿ ಕೇಳಿ ಆಮೇಲೆ ಬೈ." ಆಮೇಲೆ ಎಲ್ಲವನ್ನೂ ಹೇಳಿದಳು. ಬಚ್ಚಲು, ಅತ್ತೆ, ಚೆಂಬು, ಒದ್ದೆ ಕೂದಲು, ಅದರ ಕೆಳಗಿನ ಗುರುತು. ಎಲ್ಲಿ ಎಂದು ಹುಡುಗಿ ಕೇಳಿದಾಗ ಮಾತು ಸಾಲದೆ, ಒಂದು ಕೈ ತಂದು ಅವಳ ಕುತ್ತಿಗೆಗೆ ತಾಗಿಯೂ ತಾಗದ ಹಾಗೆ ಹಿಡಿದು ತೋರಿಸಿದಳು. ಇಲ್ಲಿ ನಾಲ್ಕು. ಇಲ್ಲಿ ಒಂದು. ಕನ್ನಡಿಯಲ್ಲಿ ಅವಳ ಮುದಿ ಬೆರಳುಗಳ ನಡುವೆ ಆ ಸಣ್ಣ ಕುತ್ತಿಗೆ ಕಂಡು ಇಬ್ಬರೂ ಬೆಚ್ಚಿದರು.

"ಸುಳ್ಳು," ಎಂದಳು ಹುಡುಗಿ, ಎದ್ದು ನಿಂತು. "ಭಾವ ಒಂದಿನ ಜೋರಾಗಿ ಮಾತಾಡಿದವರಲ್ಲ."

"ಹೌದು. ಅವನ ಧ್ವನಿ ನಾನೂ ಕೇಳಿಲ್ಲ. ಬೆರಳು ನೋಡಿದ್ದೀನಿ."

ಹುಡುಗಿ ಬಾಗಿಲವರೆಗೂ ಹೋದಳು. ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟಳು. ಬಾಗಿಲಿಗೇ ಹೇಳುವ ಹಾಗೆ, "ಅಕ್ಕ ನಮ್ಮನೆಗೆ ಬಂದಾಗ ವುಜೂಗೆ ಬಚ್ಚಲ ಬಾಗಿಲು ಹಾಕ್ಕೊಳ್ತಿದ್ಲು," ಎಂದಳು. "ಚಿಕ್ಕಂದಿಂದ ಇಬ್ಬರೂ ಒಂದೇ ನಲ್ಲೀಲಿ ಮಾಡಿದವರು. ತಲೆ ಸವರೋಕೆ ಮುಸುಕು ತೆಗೀಬೇಕಲ್ಲ... ಗಂಡನ ಮನೆ ಸೇರಿದಮೇಲೆ ನಾಚಿಕೆ ಜಾಸ್ತಿಯಾಯ್ತು ಅಂತ ನಾನು ರೇಗಿಸ್ತಿದ್ದೆ. ನಾನೂ ರೇಗಿಸ್ತಿದ್ದೆ ದೊಡ್ಡಮ್ಮ."

ಆಮೇಲೆ ಅವಳು ತಿರುಗಿದಳು. ಕಣ್ಣಲ್ಲಿ ಕೆಂಡ. "ಎಂಟು ತಿಂಗಳು! ಎಂಟು ತಿಂಗಳು ಬಾಯಿ ಹೊಲ್ಕೊಂಡು ಕೂತಿದ್ರಾ ನೀವು? ನಾನು ಕಾಲರ್ ಕೇಳದೇ ಇದ್ದಿದ್ರೆ?"

ಕೆಲವು ಮಾತಿಗೆ ತಲೆ ತಗ್ಗಿಸುವುದೊಂದೇ ಉತ್ತರ. ನೀರಮ್ಮ ತಗ್ಗಿಸಿಯೇ ಹೇಳಿದಳು. "ತಪ್ಪಾಯ್ತು ಮಗಳೇ. ನಿನ್ನ ಅಕ್ಕನ ಹತ್ರ ಕ್ಷಮೆ ಕೇಳೋ ದಾರಿ ನನಗೆ ಮುಚ್ಚಿದೆ. ನಿಮ್ಮಪ್ಪನ ಮುಂದೆ ಹೇಳ್ತೀನಿ. ಇಮಾಮರ ಮುಂದೆ, ಈ ಸಲ ಪೂರ್ತಿ ಹೇಳ್ತೀನಿ. ಠಾಣೆಗೂ ಬರ್ತೀನಿ. ಆ ಕೂಸು ಆ ಮನೇಲಿದೆ ಅನ್ನೋದನ್ನೂ ಹೇಳ್ತೀನಿ."

"ನಿಮ್ಮನ್ನ ಆಮೇಲೆ ಯಾರೂ ಕರೆಯಲ್ಲ."

"ಕರೆಯದೇ ಇರಲಿ."

ಅಷ್ಟರಲ್ಲಿ ಇಳಿಹೊತ್ತಿನ ನಮಾಜಾದ ಅಸರ್‌ನ ಬಾಂಗ್ ಕೇಳಿಸಿತು. ಹೊರಗಿನ ಬಿಸಿಲು ಮೆಷಿನ್ನಿನ ಗಾಲಿಯವರೆಗೆ ಬಂದಿತ್ತು. ಹುಡುಗಿ ಬಚ್ಚಲಿಗೆ ಹೋಗಿ, ಬಾಗಿಲು ಅಗಲವಾಗಿ ತೆರೆದಿಟ್ಟೇ ವುಜೂ ಮಾಡಿದಳು. ಮುಖಕ್ಕೆ ನೀರು, ಮೊಣಕೈ ತನಕ ನೀರು, ಮುಸುಕು ಸರಿಸಿ ಒದ್ದೆ ಕೈಯಿಂದ ತಲೆ, ಕಿವಿ, ಕೊನೆಗೆ ಕಾಲು. ಬಂದು ನೀರಮ್ಮನ ಚಾಪೆಯ ಎಡಗಡೆ ಇನ್ನೊಂದು ಚಾಪೆ ಹಾಸಿಕೊಂಡಳು. ಬೇರೆ ಕಡೆ ಜಾಗವೂ ಇರಲಿಲ್ಲ. ಬಲಗಡೆ ಮೆಷಿನ್ನು ಇತ್ತು.

ಇಬ್ಬರೂ ತಮ್ಮ ತಮ್ಮ ಪಾಡಿಗೆ ನಮಾಜು ಮಾಡಿದರು. ಕರ್ಪೂರದ ವಾಸನೆ ಬಂತು. ಇವತ್ತು ಬಾರದೆ ಇರಬಹುದು ಎಂದುಕೊಂಡಿದ್ದ ನೀರಮ್ಮ ನಮಾಜು ನಿಲ್ಲಿಸಲಿಲ್ಲ. ಬಾಗಿದಳು, ಎದ್ದಳು, ಹಣೆ ಹಚ್ಚಿದಳು. ಕೊನೆಗೆ ಕೂತು ಬಲಕ್ಕೆ ತಿರುಗಿ ಮೆಷಿನ್ನಿಗೂ ದೇವದೂತನಿಗೂ ಶಾಂತಿ ಕೋರಿದಳು. ತೊಟ್, ತೊಟ್ ಎಂದು ಚಾಪೆಯ ಮೇಲೆ ನೀರು. ಬಂದವಳು ಯಾರೇ ಆಗಿರಲಿ, ಮುಖ ನೋಡುತ್ತೇನೆ ಎಂದುಕೊಂಡಳು. ನೋಡಿಯೇ ಶಾಂತಿ ಹೇಳುತ್ತೇನೆ. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕತ್ತು ಎಡಕ್ಕೆ ತಿರುಗಿತು.

ಹುಡುಗಿ ಅವಳಿಗಿಂತ ಒಂದು ಕ್ಷಣ ಹಿಂದಿದ್ದಳು. ತನ್ನ ಬಲಗಡೆಯ ಸಲಾಮಿಗೆ ಆಗಷ್ಟೇ ತಿರುಗಿದ್ದಳು. ಮುಖಕ್ಕೆ ಮುಖ. ಅದೇ ಅಚ್ಚು. ಮುಸುಕಿನ ಅಂಚಿನಿಂದ ನೀರು ಇಳಿದು ಚಾಪೆಗೆ ಬೀಳುತ್ತಿತ್ತು. ಬಿಸಿ ಉಸಿರು ನೀರಮ್ಮನ ಕೆನ್ನೆಗೆ ತಾಗಿತು. ಇಬ್ಬರ ಬಾಯಲ್ಲೂ ಒಂದೇ ಮಾತಿತ್ತು, ನಿಮ್ಮ ಮೇಲೆ ಶಾಂತಿಯಿರಲಿ ಎಂಬುದು.

ನೀರಮ್ಮ ಅಳತೆ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡಳು. ಹುಡುಗಿ ಹಸಿರು ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ತನ್ನದನ್ನು ಉಟ್ಟುಕೊಂಡಳು. ನೀರಮ್ಮ ಬಾಗಿಲಿಗೆ ಬೀಗ ಹಾಕುವಾಗ ಹುಡುಗಿ ಮೆಲ್ಲಗೆ ಕೇಳಿದಳು.

"ಅಕ್ಕನಿಗೆ ಹಾಕಿದ ನೀರು ಬೆಚ್ಚಗಿತ್ತಾ ದೊಡ್ಡಮ್ಮ? ತಣ್ಣೀರು ಅಂದ್ರೆ ಅವಳಿಗೆ ಆಗ್ತಿರಲಿಲ್ಲ."

"ಬೆಚ್ಚಗಿತ್ತು ಮಗಳೇ," ಎಂದಳು ನೀರಮ್ಮ. "ನನ್ನ ಮೊಣಕೈ ಮೇಲೆ ಹಾಕ್ಕೊಂಡು ನೋಡಿದ್ದೆ."

ಹುಡುಗಿ ತಲೆಯಾಡಿಸಿ ಅವಳ ಕೈ ಹಿಡಿದುಕೊಂಡಳು, ಎಡಗಡೆಯಿಂದ. ಇಬ್ಬರೂ ಅಪ್ಪನ ಬೈಂಡಿಂಗ್ ಅಂಗಡಿಯ ಕಡೆ ನಡೆದರು.